ನೋಡಿದಷ್ಟೇ ಗಾಡಿ

ಸೀನು ಸಣ್ಣ ಸಂಗತಿಯೆಂದು ತಿಳಿದವರು ನಮ್ಮೂರಿಗೆ ಬರಬಾರದು. ರಾಜ್ಯಗಳು ಉರುಳಿದ್ದಕ್ಕೆ, ದೊರೆಗಳು ಗಾದಿ ಕಳೆದುಕೊಂಡದ್ದಕ್ಕೆ ಚರಿತ್ರೆಕಾರರು ನೂರೆಂಟು ಕಾರಣ ಬರೆದಿಟ್ಟಿದ್ದಾರೆ, ಅದನ್ನೆಲ್ಲ ಓದಿದ್ದೇನೆ. ಆದರೆ ಸೀನುವಾಗ ಮನುಷ್ಯನ ಎರಡೂ ಕಣ್ಣು ಮುಚ್ಚಿಕೊಳ್ಳುತ್ತವೆ ಎಂಬ ಘನವಾದ ವಿಷಯಕ್ಕೆ ಯಾವ ಗ್ರಂಥಕರ್ತನೂ ಅರ್ಧ ಪುಟವನ್ನಾದರೂ ಮೀಸಲಿಟ್ಟದ್ದು ಕಾಣೆ. ನಮ್ಮೂರಿನ ಲೆಕ್ಕದಲ್ಲಿ ಒಂದು ಸೀನಿಗೆ ಒಂದು ಬೋಗಿ. ನೆಗಡಿಯ ಸೀನಾದರೆ ಹೇಳಲಾಗದು. ಗಾಡಿ ಜಂಕ್ಷನ್ ಬಿಟ್ಟಿತೆಂದು ಗಂಟೆ ಹೊಡೆದ ಕೂಡಲೇ ಹಳಿಯ ಬದಿಯ ಮನೆಗಳಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ನಿಲ್ಲುತ್ತದೆ. ಬಾಣಲೆಯನ್ನು ಕೆಳಗಿಳಿಸಿ ಹೆಂಗಸರು ಗಾಡಿ ದಾಟುವ ತನಕ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ನಮ್ಮೂರಿನ ಸಾರು ಸಪ್ಪೆಯೆಂದು ಬೀಗರು ಆಡಿಕೊಳ್ಳುವುದು ಇದರಿಂದಲೇ. ನಸ್ಯ ಮಾರಲು ಬಂದ ಒಬ್ಬನನ್ನು ನಮ್ಮ ತಾತಂದಿರು ಹಾರ ಹಾಕಿ, ಊಟ ಹಾಕಿ, ಹಳ್ಳದಾಚೆ ಬಿಟ್ಟು ಬಂದರಂತೆ. ಮರ್ಯಾದಸ್ಥ ಊರು.

ಊರು ಇನ್ನೂ ಸ್ವಲ್ಪ ದೂರ ಇರುವಾಗ ಹಳಿ ಒಂದು ದಿಬ್ಬವನ್ನು ಬಳಸಿ ಬಾಗುತ್ತದೆ. ಆ ತಿರುವಿನಲ್ಲಿ ಒಂದು ಕಲ್ಲುಬೆಂಚು, ಪಕ್ಕದಲ್ಲೊಂದು ಬೇವಿನ ಮರ. ಆವತ್ತಿನ ಪಾಳಿಯವನು ಅಲ್ಲಿ ಕೂತು, ಬರುವ ಗಾಡಿಯನ್ನು ಇಂಜಿನ್ನಿನಿಂದ ಹಿಡಿದು ಗಾರ್ಡಿನ ಡಬ್ಬಿಯವರೆಗೆ ನೋಡಬೇಕು. ಅವನು ನೋಡಿದಷ್ಟು ಗಾಡಿ ಸ್ಟೇಷನ್ನಿಗೆ ಬರುತ್ತದೆ. ನೋಡದ ಬೋಗಿ ಜಂಕ್ಷನ್ನಿನಲ್ಲೇ ನಿಂತಿರುತ್ತದೆ. ಅದರೊಳಗಿನವರು ರಾತ್ರಿ ಅಲ್ಲೇ ಉಂಡು ಮಲಗಿ, ಮರುದಿನ ಬೆಳಗಿನ ಗೂಡ್ಸಿನ ಬಾಲಕ್ಕೆ ಅಂಟಿಕೊಂಡು ಬರುತ್ತಾರೆ. ಹಾಗಾಗಿ ನಮ್ಮ ಕಡೆಗೆ ಪ್ರಯಾಣ ಮಾಡುವವರು ಒಂದು ಹೊತ್ತಿನ ರೊಟ್ಟಿಯನ್ನು ಹೆಚ್ಚಿಗೆ ಕಟ್ಟಿಕೊಂಡೇ ಹೊರಡುತ್ತಾರೆ, ಮದುವೆಯ ದಿಬ್ಬಣವಾದರೆ ಒಂದು ದಿನ ಮುಂಚೆ. ಪಾಳಿ ಯಾರದೋ ಅವರ ಕಣ್ಣಿಗೆ ಮಾತ್ರ ಬೆಲೆ. ಹಿಂದೊಮ್ಮೆ ಭದ್ರತೆಗಿರಲಿ ಎಂದು ಇಬ್ಬರನ್ನು ಕೂರಿಸಿ ನೋಡಿದರು. ಅವನು ನೋಡುತ್ತಾನೆಂದು ಇವನು, ಇವನು ನೋಡುತ್ತಾನೆಂದು ಅವನು ಕಣ್ಣು ಮುಚ್ಚಿ, ಸ್ಟೇಷನ್ನಿಗೆ ಬರೀ ಹೊಗೆ ಬಂತು. ಊರಿನಿಂದ ಹೋಗುವ ಗಾಡಿಗೆ ಮಾತ್ರ ಪಾಳಿ ಬೇಕಿಲ್ಲ. ಹೋಗುವವರು ಹೇಗೂ ಹೋಗುತ್ತಾರೆ.

ಇಂಥ ಊರಿನಲ್ಲಿ ನನ್ನದು ಕನ್ನಡಕದ ಅಂಗಡಿ. ಪೇಟೆ ಬೀದಿಯಲ್ಲಿ ಅಕ್ಕಸಾಲಿಗನಿಗಿಂತ ನನಗೆ ಒಂದು ನಮಸ್ಕಾರ ಜಾಸ್ತಿ ಬೀಳುತ್ತಿತ್ತು ಎಂದರೆ ನನ್ನ ಸ್ಥಾನಮಾನ ಅರ್ಥವಾದೀತು. 'ಪಾಳಿಯವರ ಕನ್ನಡಕಗಳು ಇಲ್ಲಿ ದೊರೆಯುತ್ತವೆ' ಎಂದು ಬೋರ್ಡು ಬರೆಸಿದ್ದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಪುಸ್ತಕ ತೆರೆದಿರುತ್ತಿತ್ತು; ಗಿರಾಕಿಗಳಿದ್ದಾಗಲೂ ತೆರೆದಿರುತ್ತಿತ್ತು. 'ಕೊಟ್ರೇಶಪ್ಪ ಓದಿಕೊಂಡೋರು' ಎಂದು ಜನ ಹೇಳುವುದು ನನ್ನ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಹೇಳುತ್ತಿದ್ದರು, ನಾನೂ ಕೇಳಿಸದವನಂತೆ ಹಾಳೆ ತಿರುವುತ್ತಿದ್ದೆ. ಎಲ್ಲ ಸರಿಯಾಗಿಯೇ ನಡೆದಿತ್ತು, ನನ್ನ ಹೆಂಡತಿ ಸರ್ವಮಂಗಳ ಕನ್ನಡಕ ಹಾಕಿಕೊಳ್ಳುವ ತನಕ.

ಅದು ನನ್ನ ಅಂಗಡಿಯ ಕನ್ನಡಕವಲ್ಲ. ಅಕ್ಷರ ಮಂಜಾಗಿ ಕಾಣುತ್ತಿದೆಯೆಂದು ಅವಳು ನನಗೆ ಹೇಳಿದ್ದಳಂತೆ, ನಾನು 'ಹ್ಞೂಂ' ಅಂದಿದ್ದೆನಂತೆ. ಮತ್ತೆ ಹೇಳಿದ್ದಳಂತೆ, ಮತ್ತೆ ಹ್ಞೂಂ. ಕೊನೆಗೆ ತಂಗಿಯ ಗಂಡನ ಕೈಲಿ ಜಂಕ್ಷನ್ನಿನ ಅಂಗಡಿಯಿಂದ ಒಂದನ್ನು ತರಿಸಿಕೊಂಡು ಹಾಕಿಕೊಂಡಳು. ಹಾಕಿಕೊಂಡೇ ಬಡಿಸಿದಳು, ಹಾಕಿಕೊಂಡೇ ಕಾಫಿ ಕೊಟ್ಟಳು, ಹಾಕಿಕೊಂಡೇ ನನ್ನೆದುರು ಕೂತು ಅವರೆಕಾಯಿ ಸುಲಿದಳು. ಹೀಗೆ ವಾರಗಟ್ಟಲೆ. ಆಮೇಲೊಂದು ದಿನ ಎದುರಿಗೆ ಬಂದು ನಿಂತು, "ಏನ್ರೀ, ನನ್ನ ಮುಖದಲ್ಲಿ ಏನಾದ್ರೂ ಬದಲಾಗಿದೆಯಾ?" ಎಂದು ಕೇಳಿದಳು. ನಾನು ಪುಸ್ತಕದಲ್ಲಿ ಬೆರಳಿಟ್ಟು, ತಲೆಯೆತ್ತಿ, ವೃತ್ತಿಗೆ ತಕ್ಕಂತೆ ಕೂಲಂಕಷವಾಗಿ ಪರಿಶೀಲಿಸಿ, "ಸ್ವಲ್ಪ ಇಳಿದುಹೋಗಿದ್ದೀಯ, ಹಾಲು ತಗೋ" ಎಂದೆ. ಅವಳು ಮಧ್ಯಾಹ್ನದ ಗಾಡಿಗೆ ತವರಿಗೆ ಹೋದಳು. ಅವಳ ಕನ್ನಡಕದ ಸುದ್ದಿ ನನಗೆ ತಿಳಿದದ್ದು ಪಕ್ಕದ ಮನೆಯವರಿಂದ.

ಮಳೆಗಾಲ ಕಳೆಯಿತು. ಹೋಗಿ ಕರೆದರೆ ಅತ್ತೆಯವರು ಬಾಗಿಲಲ್ಲೇ, "ಯಾರು? ಕಾಣಿಸ್ತಾ ಇಲ್ಲವಲ್ಲ" ಎಂದರು. ಕೊನೆಗೆ ಒಂದು ಸೋಮವಾರ ಅಂಗಡಿಯ ಫೋನು ಬಡಿದುಕೊಂಡಿತು.

"ಹಲೋ, ಕನ್ನಡಕದ ಅಂಗಡಿನಾ?"

"ಹೌದು."

"ಹೆಂಡ್ತಿ ಹಾಕ್ಕೊಂಡಿರೋ ಕನ್ನಡಕ ಗಂಡನಿಗೆ ಕಾಣ್ಬೇಕು ಅಂದ್ರೆ ಎಷ್ಟು ನಂಬರಿನ ಗಾಜು ಬೇಕಾಗುತ್ರೀ?"

ಹೆಂಡತಿಯದೇ ದನಿ. ಅವಳೇ ಮುಂದುವರಿಸಿದಳು. "ಗುರುವಾರ ಸಂಜೆ ಪ್ಯಾಸೆಂಜರಿಗೆ ಬರ್ತೀನಿ. ತಿರುವಿನಲ್ಲಿ ನೀವೇ ಕೂತಿರ್ಬೇಕು. ಬೇರೆಯೋರು ನೋಡಿದ್ರೆ ಬರೋಳು ನಾನಾದ್ರೆ, ಬೇರೆಯೋರ ಮನೆಗೇ ಹೋಗ್ಬಹುದಲ್ಲ. ನನ್ನ ಬೋಗಿ ಬರ್ಲಿಲ್ಲ ಅಂದ್ರೆ ಜಂಕ್ಷನ್ನಿನಲ್ಲೇ ಇಳ್ದು ವಾಪಸ್ ಹೋಗ್ತೀನಿ. ಆಮೇಲೆ ಕರೆಯೋಕೆ ಬರ್ಬೇಡಿ."

"ಯಾವ ಬೋಗೀಲಿ ಕೂತಿರ್ತೀಯ?"

"ಅದನ್ನೂ ನಾನೇ ಹೇಳ್ಬೇಕಾ?" ಎಂದು ಫೋನಿಟ್ಟಳು.

ಇದರಲ್ಲಿ ಎರಡು ತೊಡಕುಗಳಿದ್ದವು. ಒಂದು, ಗುರುವಾರದ ಪಾಳಿ ನನ್ನದಲ್ಲ, ನನ್ನ ಬಾಲ್ಯದ ಗೆಳೆಯ, ಸೋಡಾ ಕಾರ್ಖಾನೆಯ ಓಂಕಾರಿಯದು. ಕಾರ್ಖಾನೆ ಎಂದರೆ ಒಂದು ಕೋಣೆ, ಒಂದು ಗ್ಯಾಸಿನ ಯಂತ್ರ ಮತ್ತು ಓಂಕಾರಿ. ಅವನ ಗೋಲಿ ಸೋಡಾದ ಹೊಸ ಗೋಲಿಗಳು ಅದೇ ಗುರುವಾರ ಬೆಳಗಿನ ಗೂಡ್ಸಿನಲ್ಲಿ ಬರುವುದಿತ್ತು. ಎರಡನೆಯದು ಇನ್ನೂ ದೊಡ್ಡದು. ತನ್ನವರಿರುವ ಗಾಡಿಗೆ ಯಾರೂ ಪಾಳಿ ಕೂರುವಂತಿಲ್ಲ. ತನ್ನವರನ್ನು ಹುಡುಕುವ ಕಣ್ಣು ಗಾಡಿಯನ್ನು ನೋಡುವುದಿಲ್ಲವೆಂದು ಹಿರಿಯರು ಮಾಡಿದ ಕಟ್ಟಳೆ. ಬೆಳಿಗ್ಗೆ ಸ್ಟೇಷನ್ ಮಾಸ್ತರರು ಹಸಿರು ಬಾವುಟವನ್ನು ಎರಡೂ ಅಂಗೈಯ ಮೇಲೆ ಹಿಡಿದು ಕೇಳುತ್ತಾರೆ, ಪಾಳಿಯವನು ಅದನ್ನು ಮುಟ್ಟಿ ಹೇಳಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಆ ಮನೆಯ ಹೆಸರು ಪಾಳಿಯಿಂದ ಶಾಶ್ವತವಾಗಿ ಹೋಯಿತು. ಪಾಳಿಯಿಲ್ಲದವನ ಕೈಯಿಂದ ಈ ಊರಿನಲ್ಲಿ ಕನ್ನಡಕವನ್ನು ಯಾರು ಕೊಳ್ಳುತ್ತಾರೆ?

ಓಂಕಾರಿಗೆ, "ನಿನ್ನ ಪಾಳಿ ನನಗೆ ಬಿಟ್ಟುಕೊಡು" ಎಂದೆ.

"ಯಾಕಲೇ, ಪುಣ್ಯ ಕಮ್ಮಿ ಬಿದ್ದೈತಾ?"

"ಹಾಗೇ ಅಂದ್ಕೋ."

"ಆಗ್ಲಿ. ಆದ್ರೆ ನನ್ನ ಗೋಲಿ ಬರೋವರ್ಗೂ ನಿನ್ನ ಪಕ್ಕದಾಗೇ ಕೂರ್ತೀನಿ. ನಿನ್ನ ಕಣ್ಣಿನ ಮ್ಯಾಲೆ ನನಗೆ ನಂಬಿಕೆ ಇಲ್ಲ. ಪುಸ್ತಕ ಗಿಸ್ತಕ ತಂದ್ಯೋ, ಬಾಟ್ಲಿಗೆ ತುಂಬಿ ಗ್ಯಾಸ್ ಹೊಡೀತೀನಿ."

ಗುರುವಾರ ಬೆಳಿಗ್ಗೆ ಇಸ್ತ್ರಿ ಮಾಡಿಸಿದ ಅಂಗಿ ಹಾಕಿಕೊಂಡು, ಮಲ್ಲಿಗೆ ಹೂವಿನ ಪೊಟ್ಟಣವೊಂದನ್ನು ಜೇಬಿನಲ್ಲಿ ಅಡಗಿಸಿಕೊಂಡು ಸ್ಟೇಷನ್ನಿಗೆ ಹೋದೆ. ಮಾಸ್ತರರಾದ ಫಕ್ರುದ್ದೀನ್ ಸಾಹೇಬರು ಬಾವುಟ ಚಾಚಿದರು. "ಕೊಟ್ರೇಶಪ್ಪನೋರೇ, ಇವತ್ತು ಬರೋ ಗಾಡಿಗಳಲ್ಲಿ ನಿಮ್ಮೋರು ಯಾರಾದ್ರೂ ಇದ್ದಾರಾ?" ನಾನು ಓದಿಕೊಂಡವನು, ಓದಿನಿಂದ ಬರುವ ದೊಡ್ಡ ಲಾಭವೆಂದರೆ ಸುಳ್ಳಿಗೆ ಮುಂಚೆ ನಾಲ್ಕು ಸಾಲು ತರ್ಕ ಹೊಳೆಯುವುದು. ನನ್ನನ್ನು ಬಿಟ್ಟುಹೋದವಳು ಸದ್ಯಕ್ಕೆ ನನ್ನವಳೇ? ಬಂದಿಳಿದ ಮೇಲಲ್ಲವೇ ನನ್ನವಳಾಗುವುದು? ಬರುವ ಮುಂಚೆ ಅವಳು ಅತ್ತೆಯವರ ಮಗಳು. "ಯಾರೂ ಇಲ್ಲ ಸಾಹೇಬ್ರೇ" ಎಂದು ಬಾವುಟ ಮುಟ್ಟಿದೆ. ಅವರು ನನ್ನ ಇಸ್ತ್ರಿಯ ಅಂಗಿಯನ್ನು ಒಂದು ಸಲ ನೋಡಿ, "ಒಳ್ಳೇದು" ಎಂದರು.

ಪಾಳಿಯವನಲ್ಲದವನು ತಿರುವಿನಲ್ಲಿ ಇರಬೇಕಾದರೆ ಹಳಿಗೆ ಬೆನ್ನು ಹಾಕಿ ಕೂರಬೇಕು. ಹೀಗಾಗಿ ಓಂಕಾರಿ ಕಲ್ಲುಬೆಂಚಿನ ಮುಂದೆ ನೆಲದ ಮೇಲೆ ಕೂತು, ಕಾಣದ ಗಾಡಿಗೆ ಬದಲಾಗಿ ನನ್ನ ಮುಖವನ್ನೇ ದಿಟ್ಟಿಸತೊಡಗಿದ. ಗೂಡ್ಸು ಬರುವ ತನಕ ನಾನು ಅವನಿಗೆ ನೋಟದ ವಿಚಾರವಾಗಿ ಉಪದೇಶ ಮಾಡಿದೆ. ಕಣ್ಣು ತೆರೆದಿರುವುದು ಬೇರೆ, ನೋಡುವುದು ಬೇರೆ, ಕಣ್ಣಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಬೀಳುವುದಿಲ್ಲ, ಹೀಗೆ. "ಇದನ್ನೆಲ್ಲ ಮನೇಲೂ ಹೇಳ್ತಿದ್ಯಾ?" ಎಂದು ಅವನು ಕೇಳಿದ. ಹೇಳುತ್ತಿದ್ದೆ. "ಅದಕ್ಕೇ ಹೋದ್ಳು" ಎಂದ.

ಗೂಡ್ಸು ಬಂತು. ಗೂಡ್ಸು ಗಾಡಿಯನ್ನು ಒಂದು ಸಲವಾದರೂ ಕೊನೆಯವರೆಗೆ ನೋಡಿದವನಿಗೇ ಗೊತ್ತು, ಸಂಸಾರ ಎಷ್ಟು ಉದ್ದ ಎಂದು. ಮೊದಲು ಅದಿರಿನ ತೆರೆದ ವ್ಯಾಗನ್ನುಗಳು, ಕೆಂಪು ಧೂಳು ಹಾರಿಸುತ್ತಾ. ಎಣ್ಣೆಯ ಟ್ಯಾಂಕರುಗಳು, ಹೊಟ್ಟೆ ಮುಂದೆ ಮಾಡಿಕೊಂಡ ಸಾಹುಕಾರರಂತೆ ಒಂದರ ಹಿಂದೊಂದು. ಬರೀ ಹಲಗೆಯಂಥ ವ್ಯಾಗನ್ನುಗಳ ಮೇಲೆ ಹಗ್ಗ ಬಿಗಿದ ಟ್ರ್ಯಾಕ್ಟರುಗಳು. ಆಮೇಲೆ ಬಾಗಿಲಿಗೆ ಸೀಲು ಒತ್ತಿದ ಮುಚ್ಚಿದ ವ್ಯಾಗನ್ನುಗಳು. ನಾನು ರೆಪ್ಪೆಯನ್ನು ಸರದಿಯ ಪ್ರಕಾರ ಬಡಿಯುತ್ತಾ, ಎಡಗಣ್ಣು ಒಮ್ಮೆ, ಬಲಗಣ್ಣು ಒಮ್ಮೆ, ನಿಷ್ಠೆಯಿಂದ ನೋಡುತ್ತಿದ್ದೆ. ಅಷ್ಟರಲ್ಲಿ ಒಂದು ಮುಚ್ಚಿದ ವ್ಯಾಗನ್ನಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದಿದ್ದರು. ಬರೆದದ್ದು ಕಂಡರೆ ಓದದಿರುವುದು ನನ್ನಿಂದಾಗದ ಕೆಲಸ. 'ಇದನ್ನು ಓದಿದವನು ಕತ್ತೆ' ಎಂದಿತ್ತು. ಅಕ್ಷರ ದುಂಡಗಿದೆ, ಕೈ ಪಳಗಿದೆ, ಮೇಷ್ಟರದಿರಬಹುದೇ ಎಂದು ಇನ್ನೊಮ್ಮೆ ಓದಿದೆ. ಆಮೇಲೆ ಗಾರ್ಡಿನ ಡಬ್ಬಿ ಬಂತು. ಗಾರ್ಡು ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ಬಾಳೆಹಣ್ಣು ಹಿಡಿದು ದಾಟಿಹೋದ.

"ಎಲ್ಲ ನೋಡಿದ್ಯಾ?" ಎಂದ ಓಂಕಾರಿ.

"ಎಲ್ಲ."

ಅವನು ಗೂಡ್ಸ್ ಶೆಡ್ಡಿಗೆ ಹೋಗಿ, ಬಿಸಿಲಲ್ಲಿ ಬೆವರು ಸುರಿಸಿಕೊಂಡು ತಿರುಗಿ ಬಂದ. ಅವನ ನಡಿಗೆ ನೋಡಿಯೇ ನಾನು ಎದ್ದು ನಿಂತೆ.

"ಎಲ್ಲೋ ನನ್ನ ಗೋಲಿ? ಕತ್ತೆ ಅಂತ ಬರೆದಿರೋ ವ್ಯಾಗನ್ನು ಬಂದೈತೆ, ಅದರ ಹಿಂದಿಂದು ಬಂದಿಲ್ಲ! ಅದನ್ನೇ ಓದ್ತಾ ಕೂತಿದ್ಯಾ?"

"ಎರಡನೇ ಸಲ" ಎಂದು ಒಪ್ಪಿಕೊಂಡೆ.

"ಎರಡು ಸಲ! ಒಂದು ಸಲಕ್ಕೇ ಕತ್ತೆ ಆಗ್ತೀಯ ಅಂತ ಬರೆದವ್ರೆ, ಎರಡು ಸಲ ಓದ್ತಾನೆ! ಈಗ ನಾಳೆ ತನಕ ನಾನು ಬಾಟ್ಲಿಗೆ ಏನು ಹಾಕ್ಲಿ, ನಿನ್ನ ಕಣ್ಣುಗುಡ್ಡೆನಾ?"

ಮಧ್ಯಾಹ್ನ ಒಂದು ಒಂಟಿ ಇಂಜಿನ್ನು ಬಂತು. ಅದನ್ನು ಅತ್ಯಂತ ಯಶಸ್ವಿಯಾಗಿ ನೋಡಿದೆ. ಆಮೇಲೆ ಜಲ್ಲಿಯ ಗಾಡಿ, ಅದೂ ಪೂರ್ತಿ ದಾಟಿತು. ಓಂಕಾರಿ ಸಿಟ್ಟಿಳಿದು, ತಂದಿದ್ದ ಬುತ್ತಿ ಬಿಚ್ಚಿ, ನನಗೂ ಒಂದು ರೊಟ್ಟಿ ಕೊಟ್ಟ. ಬೇವಿನ ನೆರಳು ಹಳಿಯ ಕಡೆ ಸರಿಯುತ್ತಿತ್ತು. ರೊಟ್ಟಿ ಮುರಿಯುತ್ತಾ ಅವನು ಮೂಗರಳಿಸಿದ. "ಮಲ್ಲಿಗೆ ವಾಸನೆ ಎಲ್ಲಿಂದಲೇ? ಬೇವಿನ ಮರದಾಗೆ ಮಲ್ಲಿಗೆ ಬಿಡ್ತೈತಾ?" ನಾನು ಜೇಬನ್ನು ಮುಚ್ಚಿಕೊಂಡೆ. ಅವನು ನನ್ನ ಅಂಗಿ ನೋಡಿದ, ಬೋಳಿಸಿದ ಗಲ್ಲ ನೋಡಿದ. ರೊಟ್ಟಿಯನ್ನು ಕೆಳಗಿಟ್ಟ.

"ಲೇ ಕೊಟ್ರೇಶಿ. ಮಂಗಳಕ್ಕ ಬರ್ತಾಳಾ?"

ನಾನು ಎಲ್ಲ ಹೇಳಿದೆ. ಫೋನಿನ ಮಾತು, ಬಾವುಟ ಮುಟ್ಟಿ ಹೇಳಿದ ಸುಳ್ಳು, ಅದರ ಹಿಂದಿನ ತರ್ಕ. ತರ್ಕ ಕೇಳಿ ಅವನು ತಲೆ ಚಚ್ಚಿಕೊಂಡ. ಆಮೇಲೆ ತಣ್ಣಗಿನ ದನಿಯಲ್ಲಿ ಹೇಳಿದ: "ನೋಡು, ಪಾಳಿ ನಂದು. ಮಾಸ್ತರರ ಹತ್ರ ಹೋಗಿ, ಹೊಟ್ಟೆ ನೋವು ಅಂತ ಹೇಳಿ, ವಾಪಸ್ ನನ್ನ ಹೆಸರಿಗೆ ಮಾಡಿಸ್ಕೊಂಡು ಬರ್ತೀನಿ. ನಾನು ಇವತ್ತಿನವರೆಗೆ ಒಂದು ಬೋಗೀನೂ ಬಿಟ್ಟಿಲ್ಲ. ಆಕಿ ಸುಖವಾಗಿ ಬಂದು ಇಳೀತಾಳೆ. ನೀನೇ ನೋಡ್ದೆ ಅಂತ ಹೇಳ್ಕೋ. ನಾನೇನು ಮೈಕು ಹಿಡಿದು ಸಾರ್ತೀನಾ?"

ಬುದ್ಧಿವಂತಿಕೆಯ ಮಾತು. ಬೆಳಿಗ್ಗೆ ಒಂದು ವ್ಯಾಗನ್ ಗೋಲಿಯನ್ನು ಕಳೆದವನ ಕಣ್ಣಿಗೆ ಹೆಂಡತಿಯನ್ನು ಒಪ್ಪಿಸುವುದಕ್ಕಿಂತ ಓಂಕಾರಿಯ ಕಣ್ಣಿಗೆ ಒಪ್ಪಿಸುವುದೇ ಕ್ಷೇಮ. ಅವಳ ಬೋಗಿ ತಪ್ಪಿದರೆ ಆಮೇಲೆ ಉಳಿಯುವುದು ಪುಸ್ತಕಗಳು, ಅಂಗಡಿಯ ಗೋಡೆಯ ಮೇಲಿನ ಕಣ್ಣುಪರೀಕ್ಷೆಯ ಅಕ್ಷರದ ಪಟ, ನಾನು. ಆದರೆ ಮಂಗಳ ಕೇಳಿದ್ದು ಕ್ಷೇಮವಾಗಿ ಬರುವುದನ್ನಲ್ಲ. ಬಹಳ ಹೊತ್ತು ಯೋಚಿಸಿದೆ ಎಂದು ಹೇಳಿಕೊಳ್ಳುವ ಆಸೆಯಿದೆ. ನಿಜವೆಂದರೆ ಜಂಕ್ಷನ್ನಿನಿಂದ ಗಾಡಿ ಬಿಟ್ಟ ಗಂಟೆ ಹೊಡೆಯಿತು, ಯೋಚಿಸಲು ಹೊತ್ತೇ ಸಿಗಲಿಲ್ಲ. "ನಾನೇ ಕೂರ್ತೀನಿ" ಎಂದೆ.

"ಹಾಳಾಗ್ಹೋಗು" ಎಂದು ಓಂಕಾರಿ ಹಳಿಗೆ ಬೆನ್ನು ಹಾಕಿ ಕೂತ.

ಊರಿನ ಒಗ್ಗರಣೆಗಳು ನಿಂತವು. ದಿಬ್ಬದಾಚೆ ಕೂಗು ಕೇಳಿತು. ಪ್ಯಾಸೆಂಜರಿನ ಇಂಜಿನ್ನು ಸಂಜೆಯ ಬಿಸಿಲನ್ನು ಮುಖದ ಮೇಲೆ ಹೊತ್ತು ತಿರುವಿಗೆ ಬಂತು. ಇಂಜಿನ್ನು ನೋಡಿದೆ. ಮೊದಲನೇ ಬೋಗಿ ನೋಡಿದೆ: ಬಾಗಿಲಲ್ಲಿ ಹಾಲಿನ ಕ್ಯಾನುಗಳು, ಕಿಟಕಿಗಳಲ್ಲಿ ಮೊಣಕೈಗಳು. ಎರಡನೆಯದನ್ನು ನೋಡಿದೆ: ಒಂದು ಮದುವೆಯ ಬ್ಯಾಂಡಿನವರು, ಕಿಟಕಿಯಿಂದ ಹೊರಗೆ ಚಾಚಿದ ಹಿತ್ತಾಳೆಯ ಕಹಳೆ. ಮೂರನೆಯ ಬೋಗಿಯ ನಡುವಿನ ಕಿಟಕಿಯಲ್ಲಿ ಮಂಗಳ ಕೂತಿದ್ದಳು.

ಅವಳು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೇರ ಮುಂದಕ್ಕೆ ನೋಡುತ್ತಾ, ಫೋಟೋ ತೆಗೆಸಿಕೊಳ್ಳುವವಳಂತೆ ಬಿಗಿಯಾಗಿ ಕೂತಿದ್ದಳು. ಕಂದು ಚೌಕಟ್ಟಿನ ಕನ್ನಡಕ. ಎಡಗಿವಿಯ ಹತ್ತಿರ ಸಡಿಲವಾಗಿ ಒಂಚೂರು ವಾಲಿತ್ತು. ಅದನ್ನು ಅವಳು ಬೆರಳಿನಿಂದ ಮೇಲೆ ತಳ್ಳಿಕೊಂಡಳು. ಆ ತಳ್ಳುವ ರೀತಿ ಆಗಲೇ ರೂಢಿಯಾದದ್ದು. ನೂರಾರು ಸಲ, ಬಹುಶಃ ನನ್ನೆದುರಿಗೇ, ಹಾಗೆ ತಳ್ಳಿಕೊಂಡಿದ್ದಾಳೆ. ಕಿವಿಯ ಮೇಲಿನ ಕೂದಲಲ್ಲಿ ಬೆಳ್ಳಿಯ ಎಳೆಗಳಿದ್ದವು. ಅವು ಯಾವಾಗ ಬಂದವು? ಮೂಗಿನ ಪಕ್ಕ ಒಂದು ಸಣ್ಣ ಗುರುತು, ಕನ್ನಡಕ ಒತ್ತಿ ಆದದ್ದು. ಯಾರು ಕೊಟ್ಟರು ಈ ಚೌಕಟ್ಟನ್ನು, ಅಳತೆ ತೆಗೆದವನಿಗೆ ಕೈ ಇತ್ತೇ ಇಲ್ಲವೇ ಎಂದುಕೊಂಡೆ. ಅಷ್ಟು ಕೆಟ್ಟ ಕನ್ನಡಕದಲ್ಲಿ ಅಷ್ಟು ಚೆನ್ನಾಗಿ ಕಾಣುವ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳು ಆಗ ಕಣ್ಣಂಚಿನಲ್ಲಿ ಈ ಕಡೆ ನೋಡಿದಳು.

"ಲೇ!" ಓಂಕಾರಿಯ ದನಿ ಎಲ್ಲೋ ದೂರದಲ್ಲಿ ಕೇಳಿತು. "ಲೇ, ಗಾಡಿ ಬರೋದು ಆ ಕಡೆಯಿಂದ! ನಿನ್ನ ತಲೆ ಯಾಕೆ ಊರ ಕಡೆ ತಿರುಗ್ತೈತೆ? ತಿರುಗ್ಸು! ತಲೆ ತಿರುಗ್ಸೋ! ನಾನು ನೋಡೋ ಹಂಗಿಲ್ಲ, ಲೇ, ಕೊಟ್ರೇಶೀ!"

ಗಾಡಿಯ ಸದ್ದು ಹಿಂದೆ ಇನ್ನೂ ಆಗುತ್ತಿತ್ತು ಎಂದು ಈಗ ನೆನಪಾಗುತ್ತದೆ. ಆಗ ಮೂರನೇ ಬೋಗಿಯ ಕಿಟಕಿ ಸಣ್ಣದಾಗುತ್ತಾ, ಸಣ್ಣದಾಗುತ್ತಾ ಹುಣಸೆ ಮರಗಳ ಹಿಂದೆ ಮರೆಯಾಗುವ ತನಕ ಅದನ್ನೇ ನೋಡಿದೆ. ತಿರುಗಿದಾಗ ಎದುರಿಗೆ ಬರೀ ಹಳಿ, ಅದರ ಮೇಲೆ ಒಂದು ಕಾಗೆ.

ಸ್ಟೇಷನ್ನಿಗೆ ಓಡಿದೆವು. ಪ್ಲಾಟ್‌ಫಾರಂನಲ್ಲಿ ಇಂಜಿನ್ನು, ಮೂರು ಬೋಗಿ, ಆಮೇಲೆ ಬಯಲು. ಬ್ಯಾಂಡಿನವರು ಇಳಿದು ಕಹಳೆ ಒರೆಸಿಕೊಳ್ಳುತ್ತಿದ್ದರು. ಅವರನ್ನು ಕರೆಸಿದ್ದ ಮದುವೆಯ ಗಂಡು ಹಿಂದಿನ ಬೋಗಿಯಲ್ಲಿದ್ದನಂತೆ. ಕಾದು ನಿಂತಿದ್ದ ಜನ ಖಾಲಿ ಹಳಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಗುಂಪಿನಿಂದ ಯಾರೋ, "ಕನ್ನಡಕ ಮಾರೋನು ಕಣ್ಣು ಅಂಗಡೀಲೇ ಬಿಟ್ಟು ಬಂದವ್ನೆ" ಎಂದರು. ಇನ್ಯಾರೋ, "ನಮ್ಮತ್ತೇನೂ ಇವ್ನೇ ತಡೆದಿದ್ರೆ ಹಾರ ಹಾಕ್ತಿದ್ದೆ, ನಮ್ಮತ್ತೆ ಮೊದಲ ಬೋಗೀಲೇ ಬಂದ್ಳು" ಎಂದರು. ಫಕ್ರುದ್ದೀನ್ ಸಾಹೇಬರು ಗುಂಪು ಸರಿಸಿ ಎದುರು ಬಂದರು. ಓಂಕಾರಿ ನನ್ನ ಕಿವಿಗೆ ಬಾಯಿ ಹಚ್ಚಿ, "ಕಣ್ಣಿಗೆ ಹುಳ ಬಿತ್ತು ಅನ್ನು. ಹುಳಕ್ಕೆ ಮಾಫಿ ಐತೆ. ಬೇಕಾದ್ರೆ ನಾನೇ ಒಂದು ಹಿಡಿದು ಹಾಕ್ತೀನಿ" ಎಂದ. ಮಾಫಿಯ ಮಾತು ಸುಳ್ಳಲ್ಲ. ಹುಳ ನಮ್ಮೂರಿನಲ್ಲಿ ಒಪ್ಪಿತವಾದ ಕಾರಣ. ಹುಳ ಬಿದ್ದವನಿಗೆ ಎರಡು ಹನಿ ಎಳನೀರು ಬಿಟ್ಟು ಮನೆಗೆ ಕಳಿಸುತ್ತಾರೆ.

"ಏನಾಯ್ತು ಕೊಟ್ರೇಶಪ್ಪನೋರೇ?" ಎಂದರು ಮಾಸ್ತರರು. "ಬಾವುಟ ಮುಟ್ಟಿ ನಿಮ್ಮೋರು ಯಾರೂ ಇಲ್ಲ ಅಂದಿದ್ರಿ."

ಬಾಯಿಗೆ ಹುಳ ಬಂದಿತ್ತು, ಹೇಳುವುದೊಂದೇ ಬಾಕಿ. ಆಗ ಅವರ ಭುಜದ ಹಿಂದೆ ಮಂಗಳ ಬಂದು ನಿಂತಳು. ಕೈಯಲ್ಲಿ ಏನೂ ಇರಲಿಲ್ಲ. ಗುಂಪಿನವರಂತೆಯೇ ಅವಳೂ ಉತ್ತರಕ್ಕೆ ಕಾದು ನಿಂತಿದ್ದಳು. ಕನ್ನಡಕವನ್ನು ಮೇಲೆ ತಳ್ಳಿಕೊಂಡಳು.

"ಇದ್ದಳು ಸಾಹೇಬ್ರೇ" ಎಂದೆ. "ಮೂರನೇ ಬೋಗೀಲಿ ನನ್ನ ಹೆಂಡ್ತಿ ಇದ್ದಳು. ಅವಳನ್ನೇ ನೋಡ್ತಾ ಇದ್ದೆ. ಹಿಂದಿನದು ಕಾಣ್ಲಿಲ್ಲ."

ಓಂಕಾರಿ ಹಣೆಗೆ ಕೈಯಿಟ್ಟುಕೊಂಡ. ಮಾಸ್ತರರು ಬಾವುಟವನ್ನು ನಿಧಾನವಾಗಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಹಾಗಾದ್ರೆ ನಾನೇನೂ ಮಾಡೋ ಹಾಗಿಲ್ಲ" ಎಂದರು. ದನಿಯಲ್ಲಿ ಬೇಸರವಿತ್ತು, ಅವರ ಕನ್ನಡಕವೂ ನಾನೇ ಮಾಡಿಕೊಟ್ಟದ್ದು.

ಗುಂಪು ಕರಗಿದ ಮೇಲೆ ಮಂಗಳ ಹತ್ತಿರ ಬಂದಳು. ನಾನು ಜೇಬಿನಿಂದ ಮಲ್ಲಿಗೆ ತೆಗೆದೆ. ಅದು ದಿನವಿಡೀ ಜೇಬಿನಲ್ಲಿ ಅದುಮಿಕೊಂಡು ಅಪ್ಪಳದಂತೆ ಚಪ್ಪಟೆಯಾಗಿತ್ತು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮುಡಿದುಕೊಂಡಳು.

"ಎಡಗಡೆ ಸಡಿಲ ಆಗಿದೆ. ಬಿಗಿ ಮಾಡಿ ಕೊಡ್ತೀನಿ" ಎಂದೆ.

"ಈಗ ಕಾಣಿಸ್ತಾ ನಿಮ್ಗೆ" ಎಂದಳು. ಆಮೇಲೆ ಖಾಲಿ ಹಳಿಯ ಕಡೆ ತಿರುಗಿದಳು. "ಅಲ್ರೀ, ನನ್ನ ಟ್ರಂಕು ಹಿಂದಿನ ಬೋಗೀಲಿತ್ತು."

"ನಾಳೆ ಬರುತ್ತೆ."

"ಅಮ್ಮನೂ ಅದ್ರಲ್ಲೇ ಇದ್ಳು. ನೀವು ನನ್ನನ್ನ ನೋಡ್ದೆ ಬಿಟ್ರೆ ವಾಪಸ್ ಕರ್ಕೊಂಡು ಹೋಗೋಕೆ ಅಂತ ಜೊತೆಗೆ ಬಂದಿದ್ಳು."

ಅವಳು ನನ್ನ ಮುಖವನ್ನು, ಆ ಕೆಟ್ಟ ಗಾಜಿನ ಮೂಲಕವೇ, ಚೆನ್ನಾಗಿ ಪರೀಕ್ಷಿಸಿದಳು. "ಬೇಕಂತಲೇ ಬಿಟ್ರಾ?" ಎಂದು ಕೇಳಿದಳು. ಇಲ್ಲವೆಂದು ಆಣೆ ಮಾಡಲು ಹೋದೆ. ಬೆಳಗಿನಿಂದ ನನ್ನ ಆಣೆಗೆ ಬೆಲೆಯಿಲ್ಲದ್ದು ನೆನಪಾಗಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹಾಗೆ ನಗುತ್ತಾಳೆಂದು ನನಗೆ ಗೊತ್ತಿತ್ತೋ ಇಲ್ಲವೋ, ಈಗ ಹೇಳಲಾರೆ.

ಮರುದಿನದ ಗೂಡ್ಸಿನ ಹಿಂದೆ ಉಳಿದ ಬೋಗಿಗಳು ಬಂದವು. ಮದುವೆಯ ಗಂಡು ಬಂದ, ಟ್ರಂಕು ಬಂತು, ಅತ್ತೆಯವರು ಬಂದು ಎಂಟು ದಿನ ಇದ್ದು ಹೋದರು. ನಮ್ಮ ಮನೆಯ ಹೆಸರನ್ನು ಪಾಳಿಯಿಂದ ತೆಗೆದರು. ಅಂಗಡಿಯಲ್ಲಿ ಈಗ ಕನ್ನಡಕ ಹೋಗುವುದಿಲ್ಲ. ಕೊಡೆ ರಿಪೇರಿ ಮಾಡುತ್ತೇನೆ. ಮಂಗಳ ಮನೆಯಲ್ಲಿದ್ದಾಳೆ.